ಫ್ರಿಜ್ಜಿನ ಮೇಲಿನ ಹಾಳೆ

ಡೆಸ್ ಪ್ಲೇನ್ಸ್‌ನ ಈ ಬಾಡಿಗೆ ಮನೆಯಲ್ಲಿ
ಒಂಬತ್ತು ಜನಕ್ಕೆ ಆರು ಮಂಚ.
ಆಕಾಶದಲ್ಲಿರುವವರ ಹಾಸಿಗೆ
ನೆಲದಲ್ಲಿರುವವರಿಗೆ.

ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ಟು ಕಚ್ಚಿದ ಹಾಳೆ:
ಯೂನಿಯನ್ನಿನ ಈ ತಿಂಗಳ ಸುದ್ದಿ.
ಬರೆದವಳು ನಾನೇ.
ಸೌಲಭ್ಯ ಸಮಿತಿಗೆ ಯಾರು ಬರುತ್ತೀರಿ ಅಂದಾಗ
ಕೆಮ್ಮು ಬಂದು ಕೈ ಎತ್ತಿದ್ದೆ, ಅಷ್ಟೇ.

ಮೊದಲ ಸುದ್ದಿ ಹಲ್ಲಿನದು.
ಜನವರಿಯಿಂದ ರೂಟ್ ಕೆನಾಲಿಗೆ
ಅರ್ಧ ಕಂಪನಿಯದು, ಅರ್ಧ ನಮ್ಮದು.
ನಗುವುದೇ ಕೆಲಸವಾದವರಿಗೆ
ಇದೇನು ಬರೀ ಹಲ್ಲಿನ ಮಾತಲ್ಲ.

ಆಮೇಲೆ ಹೊಸ ಸಮವಸ್ತ್ರ:
ತುರಿಕೆ ಎದ್ದವರು ಫೋಟೋ ಕಳಿಸಿ.
ಮುಖ ಬೇಡ, ಕುತ್ತಿಗೆ ಸಾಕು.

ಮೂರನೆಯದು ದಪ್ಪಕ್ಷರದಲ್ಲಿ:
ಒಪ್ಪಂದಕ್ಕೆ ಮತ ಬಿದ್ದರೆ
ಬೋರ್ಡಿಂಗ್ ಹೊತ್ತಿಗೂ ಅರ್ಧ ಸಂಬಳ.
ಇಷ್ಟು ವರ್ಷ ಬಾಗಿಲು ಮುಚ್ಚಿ ಬ್ರೇಕು ಬಿಟ್ಟ ಮೇಲೆಯೇ
ನಮ್ಮ ಗಡಿಯಾರಕ್ಕೆ ಜೀವ.
ಅದಕ್ಕೆ ಮುಂಚೆ ಎತ್ತಿಟ್ಟ ಪೆಟ್ಟಿಗೆ,
ರಮಿಸಿದ ಕೂಸು,
ಹದಿನಾಲ್ಕು ಸಿ ಯಾರದೆಂಬ ಜಗಳ,
ಎಲ್ಲ ಪುಕ್ಕಟೆ.

ಬೊಗುಮಿಲಾ ಹಾಳೆಯ ಅಂಚಿನಲ್ಲೇ ಲೆಕ್ಕ ಹಾಕಿದಳು:
ಮೂವತ್ತೊಂದು ವರ್ಷ, ದಿನಕ್ಕೆ ಮೂರು ಬೋರ್ಡಿಂಗು,
ನಲವತ್ತು ನಲವತ್ತು ನಿಮಿಷ.
"ನಾಲ್ಕೂವರೆ ವರ್ಷ ದುಡಿದಿದ್ದೇನೆ ಕಣೇ
ಯಾವ ಗಡಿಯಾರದ ಕಣ್ಣಿಗೂ ಬೀಳದೆ!"
ಪೆನ್ಸಿಲು ಕಿವಿಗೆ ಸಿಕ್ಕಿಸಿ ನಕ್ಕಳು.
ನಗು ಅವಳದೇ, ಸಮವಸ್ತ್ರದ್ದಲ್ಲ.

ನಾಲ್ಕನೆಯದನ್ನು ಬರೆಯಲು
ನನಗೆ ಎರಡು ರಾತ್ರಿ ಹಿಡಿಯಿತು.

ಸಾವಿನ ರಜೆ ಮೂರು ದಿನ ಇದ್ದದ್ದು ನಾಲ್ಕಾಗಲಿದೆ.
ಯಾರ ಸಾವಿಗೆ ಎಂಬ ಪಟ್ಟಿ ಮಾತ್ರ ಹಳೆಯದೇ:
ಗಂಡ ಹೆಂಡತಿ ತಾಯಿ ತಂದೆ ಮಕ್ಕಳು
ಒಡಹುಟ್ಟಿದವರು ಅಜ್ಜ ಅಜ್ಜಿ ಅತ್ತೆ ಮಾವ.
ಅತ್ತೆ ಇದ್ದಾಳೆ, ಸೋದರತ್ತೆ ಇಲ್ಲ.

ಹೋದ ಮಾರ್ಚಿನಲ್ಲಿ, ಹೊಸದುರ್ಗದಲ್ಲಿ,
ನನ್ನ ದೊಡ್ಡಮ್ಮ ತೀರಿಕೊಂಡಳು.
ಓ'ಹೇರ್‌ನಲ್ಲಿ ನಾನು ಓಮಹಾ ವಿಮಾನಕ್ಕೆ ಕಾದಿದ್ದೆ.
ಶೆಡ್ಯೂಲಿಂಗಿನ ಹುಡುಗ ಮರ್ಯಾದೆಯಿಂದಲೇ ಕೇಳಿದ:
"ಸಂಬಂಧ?"

ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ, ಮಾಮನ ಹೆಂಡತಿ,
ನಾಲ್ಕೂ ಜನ ಅವನ ಭಾಷೆಯ ಒಂದೇ ಮಾತಿನೊಳಗೆ
ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರು.
ಆ ಒಂದು ಮಾತೂ ಪಟ್ಟಿಯಲ್ಲಿರಲಿಲ್ಲ.

ಅಮ್ಮ ಅಂದಿದ್ದರೆ ಮುಗಿಯುತ್ತಿತ್ತು.
ದೊಡ್ಡ ಎಂಬಷ್ಟನ್ನು ನುಂಗಿಕೊಂಡು
ಉಳಿದದ್ದನ್ನು ಹೇಳಿದ್ದರೆ ಸಾಕಿತ್ತು,
ಸುಳ್ಳೂ ಆಗುತ್ತಿರಲಿಲ್ಲ ಪೂರ್ತಿ.
ಆದರೆ ಹೆತ್ತವಳು ಇನ್ನೂ ಗಟ್ಟಿಯಾಗಿದ್ದಾಳೆ,
ಫೋನಿನಲ್ಲಿ ನನ್ನನ್ನೇ ಗದರುತ್ತಾಳೆ.
ಅವಳ ಸಾವನ್ನು ಈಗಲೇ ಖರ್ಚು ಮಾಡಲು
ನಾಲಿಗೆ ಏಳಲಿಲ್ಲ.

ಓಮಹಾಕ್ಕೆ ಹೋದೆ.
ನೂರಾ ಮೂವತ್ತೆಂಟು ಜನ,
ಒಬ್ಬೊಬ್ಬರಿಗೂ ಸ್ವಾಗತ ಹೇಳಿದೆ.
ಬಾಗಿಲು ಮುಚ್ಚುವ ತನಕ ಅತ್ತಿದ್ದರೂ
ಕಂಪನಿಗೆ ಕಾಸಿನ ನಷ್ಟವಿರಲಿಲ್ಲ,
ಆ ಹೊತ್ತು ನನ್ನದೇ, ಯಾರೂ ಕೊಂಡದ್ದಲ್ಲ.
ಅಳು ಬರಲಿಲ್ಲ.
ಕ್ರಾಸ್‌ಚೆಕ್ ಅಂದರು. ಮಾಡಿದೆ.

ಹಾಳೆಯ ಕೆಳಗೆ ನಾಲ್ಕು ಬೆರಳು ಜಾಗ ಉಳಿದಿತ್ತು.
ಮುಂದಿನ ಒಪ್ಪಂದಕ್ಕೆ ಯಾರ ಹೆಸರು ಸೇರಬೇಕು, ಬರೆಯಿರಿ
ಎಂದಷ್ಟೇ ಹಾಕಿ, ಪೆನ್ಸಿಲು ದಾರದಲ್ಲಿ ಕಟ್ಟಿದೆ.

ವಾರ ಕಳೆದು ಮಿಲ್ವಾಕಿಯಿಂದ ಮರಳಿದರೆ
ಜಾಗವೇ ಇರಲಿಲ್ಲ.
ಮೊದಲ ಗಂಡ (ಎರಡನೆಯವನು ಬೇಡ).
ಐದು ವರ್ಷ ಊಟ ಹಾಕಿದ ಪಕ್ಕದ ಮನೆಯ ಮಿಸ್ಟರ್ ಟೋಲಿವರ್.
ಬ್ಯಾಚಿನವಳು, ಒಂದೇ ದಿನ ರೆಕ್ಕೆ ಚುಚ್ಚಿಸಿಕೊಂಡವಳು.
ಮೂರು ಕಾಲಿನ ನಾಯಿ ಬಿಸ್ಕಿಟ್.

ಸಂದಿಯಲ್ಲಿ ಕನ್ನಡದಲ್ಲೇ ಬರೆದೆ, ದೊಡ್ಡಮ್ಮ.
ಬೊಗುಮಿಲಾ ಕನ್ನಡಕ ಹಾಕಿ ನೋಡಿದಳು:
"ಇದೇನು, ಇಷ್ಟು ದುಂಡು ದುಂಡು?"
"ಹಾಗೇ ಇದ್ದಳು," ಅಂದೆ.

ಮೂರೂ ನಲವತ್ತಕ್ಕೆ ಫೋನು. ರಿಸರ್ವ್. ಟಲ್ಸಾ.
ಮತ ಹಾಕಲು ಇಪ್ಪತ್ತೆಂಟರ ತನಕ ಸಮಯವಿದೆ.
ನನ್ನ ಹಾಸಿಗೆ ಇನ್ನೂ ಬೆಚ್ಚಗಿದೆ,
ಯಾರಾದರೂ ಮಲಗಿ.